ಸತ್ತ ದನ ಯಾರ ಪಾಲು?

ಚುನಾವಣೆ ಹತ್ತಿರ ಬಂತು ಅಂದ್ರೆ ನಮ್ಮ ಸ್ಟುಡಿಯೋದಲ್ಲಿ ಒಂದು ಬೈಗುಳ ತಪ್ಪದೆ ಕೇಳಿಬರುತ್ತದೆ. ‘ನೀವು ಹೆಣದ ಮೇಲೆ ಬೀಳೋ ರಣಹದ್ದುಗಳು’ ಅಂತ ಈ ಪಕ್ಷದವರು ಆ ಪಕ್ಷದವರಿಗೆ ಹೇಳ್ತಾರೆ. ಐದು ನಿಮಿಷ ಬಿಟ್ಟು ಅವರು ಅದನ್ನೇ ಇವರಿಗೆ ವಾಪಸ್ ಕೊಡ್ತಾರೆ. ನನಗಂತೂ ಪ್ರತಿ ಸಲ ಒಂದು ಅನುಮಾನ. ಹೀಗೆ ಬೈಯುವವರಲ್ಲಿ, ಬೈಸಿಕೊಳ್ಳುವವರಲ್ಲಿ, ಮನೆಯಲ್ಲಿ ಕೂತು ನೋಡುವವರಲ್ಲಿ ರಣಹದ್ದನ್ನು ಕಣ್ಣಾರೆ ಕಂಡವರು ಎಷ್ಟು ಜನ? ಐವತ್ತು ದಾಟಿದವರು ಕಂಡಿರಬಹುದು. ನನ್ನ ವಾರಿಗೆಯವರು, ಮೂವತ್ತು ಚಿಲ್ಲರೆ ವಯಸ್ಸಿನವರು, ಕಂಡಿದ್ದರೆ ಸಿನಿಮಾದಲ್ಲಿ ಮಾತ್ರ.

ಜಟಾಯುವಿಗೆ ಕೈಮುಗಿದು, ಊರಾಚೆ ಕೂತ ಹದ್ದಿಗೆ ಅಪಶಕುನ ಅಂತ ಕಲ್ಲು ಎಸೆದ ಜನ ನಾವು. ಆದರೂ 1980ರ ದಶಕದವರೆಗೆ ಆ ಹಕ್ಕಿಗೆ ಯಾವ ಕೊರತೆಯೂ ಇರಲಿಲ್ಲ. ಬಿಳಿ ಬೆನ್ನಿನ ರಣಹದ್ದು ಆಗ ಭಾರತದಲ್ಲಿ ಎಷ್ಟಿತ್ತೆಂದರೆ, ಆ ಗಾತ್ರದ ಹದ್ದು-ಗಿಡುಗಗಳ ಪೈಕಿ ಪ್ರಪಂಚದಲ್ಲೇ ಸಂಖ್ಯೆಯಲ್ಲಿ ಇದನ್ನು ಮೀರಿಸುವುದು ಬಹುಶಃ ಇಲ್ಲ ಎಂದು ಪಕ್ಷಿತಜ್ಞರು ಬರೆಯುತ್ತಿದ್ದರು. ದೆಹಲಿಯ ಕಸದ ಗುಡ್ಡೆಗಳ ಮೇಲೆ ಹಿಂಡುಹಿಂಡು ಕೂರುತ್ತಿದ್ದವು. ಹಾರುವ ವಿಮಾನಕ್ಕೆ ಹದ್ದು ಬಡಿಯುವುದು ವಾಯುಪಡೆಗೊಂದು ತಲೆನೋವಾಗಿತ್ತು.

ಆಮೇಲೆ ಹದಿನೈದೇ ವರ್ಷ. ಸಾವಿರ ಹಕ್ಕಿ ಇದ್ದ ಕಡೆ ಒಂದು ಉಳಿಯಿತು. ಇದು ಟಿವಿ ಭಾಷೆಯ ಉತ್ಪ್ರೇಕ್ಷೆ ಅಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಮತ್ತು ಸಂಗಡಿಗರು ಅದದೇ ರಸ್ತೆಗಳಲ್ಲಿ ಮತ್ತೆ ಮತ್ತೆ ಓಡಾಡಿ ಎಣಿಸಿದ ಲೆಕ್ಕ. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದಿನ ಕುಸಿತ ಶೇ 99.9. ಉದ್ದ ಕೊಕ್ಕಿನ ಜಾತಿಗಳದ್ದು ಶೇ 97ರ ಹತ್ತಿರ.

ಚೀನಾದಲ್ಲಿ ಗುಬ್ಬಚ್ಚಿ ಕೊಂದ ಕಥೆ ನೀವು ಕೇಳಿರುತ್ತೀರಿ. 1958, ಮಾವೋ ಆದೇಶ, ಜನ ತಟ್ಟೆ ಬಡಿದು ಗುಬ್ಬಿಗಳನ್ನು ಸುಸ್ತುಮಾಡಿ ಕೆಡವಿದ್ದು, ಆಮೇಲೆ ಕೀಟಗಳ ಹಾವಳಿ. ಆ ಕಥೆಗೆ ಒಬ್ಬ ಆರೋಪಿ ಇದ್ದಾನೆ, ಹಾಗಾಗಿ ಹೇಳೋದು ಸುಲಭ. ನಮ್ಮ ಕಥೆಯಲ್ಲಿ ಆದೇಶ ಇಲ್ಲ, ಘೋಷಣೆ ಇಲ್ಲ, ಕಲ್ಲು ಬಂದೂಕು ಯಾವುದೂ ಇಲ್ಲ. ಇರೋದು ಒಂದು ಇಂಜೆಕ್ಷನ್. ಅದೂ ಕರುಣೆಯಿಂದ ಕೊಟ್ಟಿದ್ದು.

ಅಲ್ಲಿಗೆ ಬರುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನಮ್ಮ ಲ್ಯಾಬ್‌ನಲ್ಲಿ ಡೀಸೆಲ್ ಇಂಜಿನ್‌ಗೆ ‘ಹೀಟ್ ಬ್ಯಾಲೆನ್ಸ್ ಶೀಟ್’ ಬರೆಯೋ ಪ್ರಯೋಗ ಇರುತ್ತೆ. ಎಡಗಡೆ, ಸುಟ್ಟ ಡೀಸೆಲ್‌ನಿಂದ ಬಂದ ಶಕ್ತಿ ಎಷ್ಟು. ಬಲಗಡೆ, ಅದು ಎಲ್ಲೆಲ್ಲಿ ಹೋಯ್ತು: ಚಕ್ರ ತಿರುಗಿಸಲು ಇಷ್ಟು, ತಣ್ಣೀರು ಹೊತ್ತೊಯ್ದದ್ದು ಇಷ್ಟು, ಹೊಗೆಯಲ್ಲಿ ಹೋದದ್ದು ಇಷ್ಟು. ಎರಡೂ ಕಡೆ ಸರಿಹೊಂದಬೇಕು. ಎಂದಾದರೂ ಹೊಂದುತ್ತಾ? ಇಲ್ಲ. ಅದಕ್ಕೇ ಕೊನೆಯಲ್ಲಿ ‘ಅನ್‌ಅಕೌಂಟೆಡ್ ಲಾಸಸ್’ ಅಂತ ಒಂದು ಸಾಲು. ಎಷ್ಟು ಕಮ್ಮಿ ಬಿತ್ತೋ ಅಷ್ಟನ್ನು ಅಲ್ಲಿ ತುಂಬಿಸಿ ಲೆಕ್ಚರರ್ ಸಹಿ ಹಾಕಿಸ್ಕೊಂಡ್ರೆ ಆ ವಾರದ ಕೆಲಸ ಮುಗೀತು. ಶಕ್ತಿ ಮಾಯವಾಗಿಲ್ಲ ಅಂತ ಎಲ್ಲರಿಗೂ ಗೊತ್ತು. ಎಲ್ಲಿ ಹೋಯ್ತು ಅಂತ ಯಾರೂ ಹುಡುಕುವುದಿಲ್ಲ ಅಷ್ಟೇ.

ಇಂಥದ್ದೇ ಲೆಕ್ಕವನ್ನು ಒಂದು ಜೀವಂತ ಕೆರೆಗೆ ಹಾಕಿದವನು ರೇಮಂಡ್ ಲಿಂಡೆಮನ್. ಅಮೆರಿಕದ ಮಿನೆಸೋಟದಲ್ಲಿ ಸೀಡರ್ ಬಾಗ್ ಲೇಕ್ ಅಂತ ಒಂದು ಪುಟ್ಟ ಕೆರೆ. ಲಿಂಡೆಮನ್, ಅವನ ಹೆಂಡತಿ ಎಲಿನಾರ್ ಇಬ್ಬರೂ ಐದು ವರ್ಷ ಅದರ ನೀರು, ಪಾಚಿ, ಹುಳ, ಕೆಸರು ಎಲ್ಲ ತೆಗೆದು ತೂಗಿದರು. ಕೆರೆಯ ಮೇಲೆ ಬಿದ್ದ ಬಿಸಿಲಿನಲ್ಲಿ ಸಸ್ಯಗಳು ಹಿಡಿದಿಟ್ಟುಕೊಂಡದ್ದು ಸಾವಿರದಲ್ಲಿ ಒಂದು ಭಾಗ. ಆ ಒಂದರಲ್ಲಿ ಸಸ್ಯ ತಿನ್ನುವ ಜೀವಿಗಳಿಗೆ ದಕ್ಕಿದ್ದು ಶೇ 13ರಷ್ಟು. ಅದರಲ್ಲಿ ಬೇಟೆ ಜೀವಿಗಳಿಗೆ ಶೇ 22. ಒಂದೊಂದು ಮೆಟ್ಟಿಲು ಹತ್ತಿದಾಗಲೂ ದೊಡ್ಡ ಪಾಲು ಉಸಿರಾಟದಲ್ಲಿ, ಬಿಸಿಯಲ್ಲಿ, ಸಾವಿನಲ್ಲಿ ಸೋರಿಹೋಗುತ್ತದೆ. ಕಾಡಿನಲ್ಲಿ ಜಿಂಕೆ ನೂರಾರು ಇದ್ದರೆ ಹುಲಿ ಒಂದೆರಡೇ ಯಾಕೆ ಇರುತ್ತೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಲಿಂಡೆಮನ್ ಬರೆದ ಪ್ರಬಂಧವನ್ನು ಪತ್ರಿಕೆಯ ಪರವಾಗಿ ಪರಿಶೀಲಿಸಿದ ಇಬ್ಬರು ಹಿರಿಯರು ಮೊದಲು ಬೇಡ ಅಂದರು, ಬರೀ ಸಿದ್ಧಾಂತ ಜಾಸ್ತಿಯಾಯ್ತು ಅಂತ. ಯೇಲ್ ವಿಶ್ವವಿದ್ಯಾಲಯದ ಹಚಿನ್‌ಸನ್ ಹಟ ಹಿಡಿದು ಹಾಕಿಸಿದರು. 1942ರ ಅಕ್ಟೋಬರ್‌ನಲ್ಲಿ ಅದು ಅಚ್ಚಾಗುವ ಹೊತ್ತಿಗೆ ಲಿಂಡೆಮನ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಾರು.

ನಮ್ಮ ಶಾಲೆಯ ಪುಸ್ತಕದಲ್ಲಿ ಇದು ಪಿರಮಿಡ್ಡಿನ ಚಿತ್ರವಾಗಿ ಬಂತು. ಕೆಳಗೆ ಹುಲ್ಲು, ಮೇಲೆ ಮೊಲ, ಅದರ ಮೇಲೆ ನರಿ, ತುದಿಯಲ್ಲಿ ಹುಲಿ ಅಥವಾ ಸಿಂಹ. ಬಾಣ ಅಲ್ಲಿಗೆ ನಿಂತುಬಿಡುತ್ತೆ. ಯಾರಿಗೂ ಆಹಾರವಾಗದೆ ಮುದಿಯಾಗಿ ಸತ್ತ ಪ್ರಾಣಿಯ ಮೈಯಲ್ಲಿದ್ದ ಶಕ್ತಿ ಎಲ್ಲಿ ಹೋಯ್ತು? ಬೇರೆ ದೇಶದಲ್ಲಿ ಇದು ಸಣ್ಣ ಪ್ರಶ್ನೆ ಇರಬಹುದು. ಭಾರತದಲ್ಲಿ ಅಲ್ಲ. 2019ರ ಗಣತಿ ಪ್ರಕಾರ ನಮ್ಮಲ್ಲಿ ಜಾನುವಾರುಗಳು 53 ಕೋಟಿಗೂ ಹೆಚ್ಚು. ಅದರಲ್ಲಿ ಹಸು, ಎತ್ತು, ಎಮ್ಮೆಗಳ ದೊಡ್ಡ ಪಾಲು ಕಟುಕನ ಕೈಗೆ ಹೋಗದೆ ಕೊಟ್ಟಿಗೆಯಲ್ಲೋ ಬಯಲಲ್ಲೋ ಸಾಯುತ್ತದೆ.

ಒಂದು ಒರಟು ಲೆಕ್ಕ ಹಾಕಿದ್ದೇನೆ, ನೋಡಿ. ಬಡಕಲು ನಾಟಿ ಹಸು ಒಂದು ಸತ್ತಿತು ಅಂತಿಟ್ಟುಕೊಳ್ಳಿ. ಮೂಳೆ, ಚರ್ಮ ಬಿಟ್ಟು ನೂರು ಕೆಜಿ ತಿನ್ನುವಂಥದ್ದು. ಕೆಜಿಗೆ ಸಾವಿರದೈನೂರು ಕ್ಯಾಲೊರಿ ಹಿಡಿದರೂ ಒಟ್ಟು ಒಂದೂವರೆ ಲಕ್ಷ ಕ್ಯಾಲೊರಿ. ಒಂದು ಬೀದಿನಾಯಿಗೆ ದಿನಕ್ಕೆ ಸಾವಿರ ಕ್ಯಾಲೊರಿ ಸಾಕು. ಅಂದರೆ ಒಂದು ನಾಯಿಗೆ ಐದು ತಿಂಗಳ ಊಟ. ಈ ಸಂಖ್ಯೆ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೇ ವ್ಯವಸ್ಥೆಯಲ್ಲಿ ಈ ಆಸ್ತಿಗೆ ಪಾಲು ಸ್ಪಷ್ಟವಾಗಿತ್ತು. ಊರಾಚೆ ಒಂದು ಜಾಗ. ಸತ್ತ ದನವನ್ನು ಅಲ್ಲಿಗೆ ಎಳೆದೊಯ್ದು ಚರ್ಮ ಸುಲಿಯುವವರಿದ್ದರು. ಚರ್ಮ ಅವರದ್ದು, ಮಾಂಸ ಹದ್ದಿನದ್ದು, ಉಳಿದ ಮೂಳೆ ಆಯುವವರದ್ದು. ಆ ಮೂಳೆ ಗೊಬ್ಬರಕ್ಕೆ, ಜೆಲಾಟಿನ್‌ಗೆ ಹೋಗುತ್ತಿತ್ತು. ಹದ್ದಿನ ದೊಡ್ಡ ಹಿಂಡು ಇಳಿದರೆ ಒಂದು ಗಂಟೆಯೊಳಗೆ ಮೂಳೆ ಬಿಟ್ಟು ಏನೂ ಇರುತ್ತಿರಲಿಲ್ಲ. ಊರಿನ ಆರೋಗ್ಯ ಕಾಯುವ ಈ ಕೆಲಸ ಮಾಡುತ್ತಿದ್ದ ಮನುಷ್ಯರಿಗೆ ಊರು ಎಂಥ ಮರ್ಯಾದೆ ಕೊಟ್ಟಿತು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಹಕ್ಕಿಗೂ ಅದೇ ಮರ್ಯಾದೆ.

ಒಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಕಣ್ಣಲ್ಲಿ ನೋಡಿದರೆ ರಣಹದ್ದಿನಂಥ ಯಂತ್ರ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಹಿಡಿದು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ತೇಲುತ್ತದೆ, ಇಂಧನ ಖರ್ಚು ಇಲ್ಲದಷ್ಟೇ. ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣ ಅಂದರೆ ಕೊಳೆತ ಮಾಂಸದ ರೋಗಾಣುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಮತ್ತು ಮುಖ್ಯವಾದದ್ದು, ವರ್ಷಕ್ಕೆ ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಐದು ವರ್ಷ. ಎಷ್ಟೇ ಊಟ ಸಿಗಲಿ, ಹದ್ದು ಅದನ್ನು ಸಂತಾನವಾಗಿ ಪರಿವರ್ತಿಸುವುದು ತುಂಬಾ ನಿಧಾನ. ನಾಯಿ ಹಾಗಲ್ಲ. ಊಟ ಸಿಕ್ಕಿದರೆ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ನಾಲ್ಕಾರು ಮರಿ.

ಸರಿ, ಆಗಿದ್ದೇನು? ವಿಭು ಪ್ರಕಾಶ್ 1980ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿಗಳ ಅಧ್ಯಯನ ಮಾಡಿದ್ದವರು. ಆಗ ಅಲ್ಲಿ ರಣಹದ್ದಿನ ಗೂಡುಗಳು ನೂರಾರು. 1996ರ ಹೊತ್ತಿಗೆ ಮತ್ತೆ ಹೋದಾಗ ಗೂಡುಗಳು ಖಾಲಿ. ಬದುಕಿದ್ದವು ಕೊಂಬೆಯ ಮೇಲೆ ಕುತ್ತಿಗೆ ಜೋಲು ಬಿಟ್ಟು ಕೂತಿದ್ದವು. ಸತ್ತವು ಮರದ ಮೇಲೇ ನೇತಾಡುತ್ತಿದ್ದವು. ಕೆಲವೇ ವರ್ಷದಲ್ಲಿ ಅಲ್ಲಿ ಗೂಡೇ ಇಲ್ಲ. ಹಕ್ಕಿಗಳನ್ನು ಕೊಯ್ದು ನೋಡಿದರೆ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ. ಯೂರಿಕ್ ಆಮ್ಲದ ಹರಳುಗಳು. ಕಿಡ್ನಿ ಕೈಕೊಟ್ಟಿದೆ ಅಂತ ಅರ್ಥ.

ಯಾಕೆ ಕೈಕೊಟ್ಟಿತು ಅನ್ನೋದಕ್ಕೆ ವರ್ಷಗಳೇ ಬೇಕಾದವು. ಹೊಸ ವೈರಸ್ ಇರಬೇಕು ಅಂದರು. ಕೀಟನಾಶಕ ಅಂದರು. ಕೊನೆಗೆ ಗಂಟು ಬಿಚ್ಚಿದ್ದು ಗಡಿಯ ಆಚೆ, ಪಾಕಿಸ್ತಾನದ ಪಂಜಾಬ್‌ನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿಯ ತಂಡ ಅಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷೆ ಮಾಡುತ್ತಾ ಸಾಗಿತು. ವೈರಸ್ ಇಲ್ಲ, ಸೀಸ ಇಲ್ಲ, ಕೀಟನಾಶಕ ಇಲ್ಲ. ಆಗ ಅವರು ಬೇರೆ ದಿಕ್ಕಿನಿಂದ ಯೋಚಿಸಿದರು. ಹದ್ದು ತಿನ್ನುವುದು ದನವನ್ನು. ಹಾಗಾದರೆ ದನಕ್ಕೆ ಏನು ಕೊಡುತ್ತಿದ್ದಾರೆ? ಔಷಧ ಅಂಗಡಿಗಳಲ್ಲಿ, ಪಶುವೈದ್ಯರಲ್ಲಿ ವಿಚಾರಿಸಿದರು. ಕಿಡ್ನಿಗೆ ತೊಂದರೆ ಮಾಡಬಲ್ಲದ್ದು ಅಂತ ಸಿಕ್ಕಿದ್ದು ಒಂದೇ ಹೆಸರು, ಡೈಕ್ಲೋಫೆನಾಕ್. ಕಿಡ್ನಿ ಹೋಗಿ ಸತ್ತಿದ್ದ 25 ಹಕ್ಕಿಗಳನ್ನು ಪರೀಕ್ಷಿಸಿದರು, ಇಪ್ಪತ್ತೈದರಲ್ಲೂ ಇತ್ತು. ಬೇರೆ ಕಾರಣಕ್ಕೆ ಸತ್ತ 13 ಹಕ್ಕಿಗಳಲ್ಲಿ ಒಂದರಲ್ಲೂ ಇರಲಿಲ್ಲ. 2004ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಡೈಕ್ಲೋಫೆನಾಕ್ ಅಂದರೆ ಯಾವುದೋ ವಿಷ ಅಂದುಕೊಳ್ಳಬೇಡಿ. ಬೆನ್ನುನೋವು, ಮಂಡಿನೋವಿಗೆ ನಿಮಗೂ ಬರೆದುಕೊಟ್ಟಿರುತ್ತಾರೆ. 1990ರ ದಶಕದಲ್ಲಿ ಪೇಟೆಂಟ್ ಅವಧಿ ಮುಗಿದು ಹತ್ತಾರು ಕಂಪನಿಗಳು ಮಾಡಲು ಶುರು ಮಾಡಿದ ಮೇಲೆ ಬೆಲೆ ಬಿದ್ದುಹೋಯಿತು. ಜಾನುವಾರಿಗೂ ಬಂತು. ಕುಂಟುವ ಎತ್ತಿಗೆ, ಕೆಚ್ಚಲು ಬಾವು ಬಂದ ಹಸುವಿಗೆ ಒಂದು ಚುಚ್ಚಿದರೆ ನೋವು ಇಳಿಯುತ್ತಿತ್ತು. ರೈತ ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ? ದುಡಿದ ಎತ್ತು ನರಳುವುದನ್ನು ನೋಡಲಾಗದೆ ಕೈಯಿಂದ ಕಾಸು ಹಾಕಿ ಕೊಡಿಸಿದ.

ಆದರೆ ಇನ್ನೊಂದು ಕಡೆಯಿಂದ ನೋಡಿ. ಇಂಜೆಕ್ಷನ್ ಬೀಳುವುದು ಯಾವ ದನಕ್ಕೆ? ಕಾಯಿಲೆ ಬಿದ್ದಿದ್ದಕ್ಕೆ, ಮುದಿಯಾಗಿದ್ದಕ್ಕೆ. ಬೇಗ ಸಾಯುವುದು ಯಾವುದು? ಅದೇ. ಬದುಕಿದ್ದರೆ ಕೆಲವು ದಿನದಲ್ಲಿ ಔಷಧ ಮೈಯಿಂದ ಹೊರಹೋಗುತ್ತಿತ್ತು. ಚುಚ್ಚಿದ ಮರುದಿನವೋ ಮೂರನೇ ದಿನವೋ ಸತ್ತರೆ ಮಾಂಸದಲ್ಲೇ ಉಳಿಯುತ್ತದೆ. ಒಂದು ದನದ ಮೇಲೆ ಐವತ್ತು, ನೂರು ಹಕ್ಕಿ ಇಳಿಯುತ್ತವೆ. ವಿಜ್ಞಾನಿಗಳು ಲೆಕ್ಕ ಹಾಕಿದಾಗ ಬೆಚ್ಚಿಬಿದ್ದರು. ಇಷ್ಟು ವೇಗದ ಕುಸಿತಕ್ಕೆ ನೂರು ಕಳೇಬರದಲ್ಲಿ ಒಂದರಲ್ಲಿ ಕೂಡ ಔಷಧ ಇರಬೇಕಾಗಿಲ್ಲ, ಅದಕ್ಕಿಂತ ಕಮ್ಮಿ ಇದ್ದರೂ ಸಾಕು. ಭಾರತದಲ್ಲಿ 2004-05ರಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಸತ್ತ ಜಾನುವಾರುಗಳ ಯಕೃತ್ತು ತೆಗೆದು ನೋಡಿದರೆ ನೂರಕ್ಕೆ ಹತ್ತರಲ್ಲಿ ಇತ್ತು.

ಹದ್ದು ಹೋಯಿತು. ದನ ಸಾಯುವುದು ನಿಂತಿತಾ? ಒಂದೊಂದು ಹೆಣದಲ್ಲೂ ಆ ಒಂದೂವರೆ ಲಕ್ಷ ಕ್ಯಾಲೊರಿ ಹಾಗೇ ಬಿದ್ದಿತ್ತು, ವಾರಸುದಾರರಿಲ್ಲದೆ. ನನ್ನ ಲ್ಯಾಬ್ ರೆಕಾರ್ಡ್ ಆಗಿದ್ದರೆ ‘ಅನ್‌ಅಕೌಂಟೆಡ್’ ಅಂತ ಬರೆದು ಮುಗಿಸಬಹುದಿತ್ತು.

ಮುಂಬೈನ ಮಲಬಾರ್ ಹಿಲ್‌ನಲ್ಲಿ ಪಾರ್ಸಿಗಳು ಶವಗಳನ್ನು ರಣಹದ್ದಿಗೆ ಅರ್ಪಿಸುವ ಮೌನಗೋಪುರಗಳಿವೆ. ಹದ್ದು ಬರದಂತಾದಾಗ 2001ರ ಹೊತ್ತಿಗೆ ಅಲ್ಲಿ ಬಿಸಿಲನ್ನು ಒಂದೆಡೆ ಸೇರಿಸಿ ಶವದ ಮೇಲೆ ಬೀಳಿಸುವ ಸೌರ ಫಲಕಗಳನ್ನು ಹಾಕಿದರು. ಮಳೆಗಾಲದಲ್ಲಿ ಅದೂ ನಡೆಯುವುದಿಲ್ಲ. ಬಿಸಿಲು ಹಿಡಿದು ಬೆಳೆದ ಹುಲ್ಲು, ಹುಲ್ಲಿನಿಂದ ಬೆಳೆದ ದೇಹ, ಅದನ್ನು ತಿಂದು ಮುಗಿಸುತ್ತಿದ್ದ ಹಕ್ಕಿ. ಆ ಹಕ್ಕಿಯ ಜಾಗಕ್ಕೆ ನಾವು ಮತ್ತೆ ಸೂರ್ಯನನ್ನೇ ನೇರವಾಗಿ ಕರೆದುಕೊಂಡು ಬಂದೆವು. ಇಂಜಿನಿಯರಿಂಗ್ ಅಂದರೆ ನನಗೆ ಹೆಮ್ಮೆಯೇ, ಆದರೆ ಈ ಉಪಾಯ ಓದಿದಾಗ ಹೆಮ್ಮೆ ಅನಿಸಲಿಲ್ಲ.

ಹಳ್ಳಿಗಳಿಗೆ ಸೌರ ಫಲಕ ಯಾರು ತರುತ್ತಾರೆ? ಕಳೇಬರ ಬಯಲಲ್ಲೇ ಕೊಳೆಯಿತು, ಕೆಲವು ಕಡೆ ಹಳ್ಳ ಹೊಳೆಗೆ ಬಿತ್ತು. ಮೂಳೆ ಆಯುವವರಿಗೆ ಶುಭ್ರ ಮೂಳೆ ಸಿಗದೆ ಕಸುಬು ಕೆಟ್ಟಿತು. ಮಾಂಸ ನಾಯಿಗಳ ಪಾಲಾಯಿತು. ಹದ್ದು ಒಂದು ಮರಿ ಮಾಡುತ್ತಿದ್ದ ಊಟದಲ್ಲಿ ನಾಯಿಗಳು ಎಷ್ಟೋ ಮರಿ ಹಾಕಿದವು. ಅನಿಲ್ ಮಾರ್ಕಂಡ್ಯ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 1992ರಿಂದ 2006ರವರೆಗೆ ಹದ್ದು ಇಲ್ಲದ ಕಾರಣಕ್ಕೇ ಹೆಚ್ಚಾದ ನಾಯಿಗಳು ಕನಿಷ್ಠ 55 ಲಕ್ಷ. ಆ ನಾಯಿಗಳಿಂದ ಹೆಚ್ಚುವರಿಯಾಗಿ ರೇಬೀಸ್‌ಗೆ ಸತ್ತ ಮನುಷ್ಯರು ಸುಮಾರು 48 ಸಾವಿರ.

ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಭಯದಲ್ಲಿ ಬೆಳೆದ ಕೊನೆಯ ತಲೆಮಾರು ನಮ್ಮದು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ದೇಶ ಕೈಬಿಟ್ಟಿದ್ದು 2004ರ ಕೊನೆಯಲ್ಲಿ. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಕೈಯಲ್ಲಿ ಕಲ್ಲು ಹಿಡಿದೇ ಬರುತ್ತಿದ್ದೆವು. ನಾಯಿಗೆ ಹೆದರಿ ಬೆಳೆದೆವು, ಹದ್ದು ನೋಡದೆ ಬೆಳೆದೆವು. ಎರಡಕ್ಕೂ ನಂಟಿದೆ ಅಂತ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಆಗ ಅದು ಯಾರಿಗೂ ಗೊತ್ತಿರಲಿಲ್ಲ.

2024ರಲ್ಲಿ ಇನ್ನೊಂದು ಲೆಕ್ಕ ಬಂತು. ಈಯಾಲ್ ಫ್ರಾಂಕ್, ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ರಣಹದ್ದಿಗೆ ಮೊದಲಿಂದ ಹೇಳಿಮಾಡಿಸಿದಂತಿದ್ದ ಜಿಲ್ಲೆಗಳನ್ನೂ, ಅದು ಅಷ್ಟಾಗಿ ಇರದ ಜಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟರು. ಔಷಧ ಅಗ್ಗವಾಗುವ ಮುಂಚೆ ಎರಡೂ ಕಡೆ ಸಾವಿನ ಪ್ರಮಾಣ ಒಂದೇ ಚಾಲಿಯಲ್ಲಿತ್ತು. ಆಮೇಲೆ ಹದ್ದಿನ ಜಿಲ್ಲೆಗಳಲ್ಲಿ ಶೇ 4ಕ್ಕಿಂತ ಜಾಸ್ತಿಯಾಯಿತು. ನಾಯಿ ಮಾತ್ರವಲ್ಲ, ಕೆಟ್ಟ ನೀರೂ ಸೇರಿ. 2000ದಿಂದ 2005ರವರೆಗೆ ಅವರ ಅಂದಾಜು ಹೆಚ್ಚುವರಿ ಸಾವು, ಸುಮಾರು ಐದು ಲಕ್ಷ. ಇದು ಸಂಖ್ಯಾಶಾಸ್ತ್ರದ ಲೆಕ್ಕ. ಇಂಥವರು ಹದ್ದಿಲ್ಲದ್ದಕ್ಕೆ ಸತ್ತರು ಅಂತ ಯಾವ ಮನೆಯ ಮುಂದೆಯೂ ನಾವು ಕ್ಯಾಮೆರಾ ಇಡಲಾಗುವುದಿಲ್ಲ. ಆ ಐದೂ ವರ್ಷ ಯಾವ ಚಾನೆಲ್‌ನಲ್ಲೂ ಇದು ಬ್ರೇಕಿಂಗ್ ಆಗದೇ ಇದ್ದದ್ದು ಅದಕ್ಕೇ. ವಿಷುವಲ್ಸ್ ಇಲ್ಲ, ಬೈಟ್ ಇಲ್ಲ, ಆರೋಪಿ ಇಲ್ಲ.

ಸರ್ಕಾರ ಎಚ್ಚೆತ್ತದ್ದು ತಡವಾಗಿ ಅಂತ ನಾನು ಹೇಳಲಾರೆ. ಕಾರಣ ಗೊತ್ತಾದ ಮರುವರ್ಷವೇ, 2005ರ ಮಾರ್ಚ್‌ನಲ್ಲಿ, ಪ್ರಧಾನಿ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿ ಈ ಔಷಧ ನಿಲ್ಲಿಸಿ ಅಂತ ಶಿಫಾರಸು ಮಾಡಿತು. 2006ರ ಮೇನಲ್ಲಿ ಜಾನುವಾರಿಗೆ ಅದರ ತಯಾರಿಕೆ ನಿಲ್ಲಿಸುವ ಆದೇಶ ಬಂತು. ಮೆಲೋಕ್ಸಿಕ್ಯಾಮ್ ಎಂಬ ಇನ್ನೊಂದು ನೋವು ನಿವಾರಕ ಹದ್ದಿಗೆ ಏನೂ ಮಾಡುವುದಿಲ್ಲ ಅಂತ ಅದೇ ವರ್ಷ ಪ್ರಯೋಗದಿಂದ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಇಷ್ಟು ವೇಗ ಅಪರೂಪ. ಹಾಗಿದ್ದೂ ತೂತು ಉಳಿಯಿತು. ಮನುಷ್ಯರ ಹೆಸರಿನಲ್ಲಿ 30 ಎಂಎಲ್‌ನ ದೊಡ್ಡ ಬಾಟಲಿ ಬರುತ್ತಿತ್ತು. ಮನುಷ್ಯನಿಗೆ ಒಂದು ಸಲಕ್ಕೆ 3 ಎಂಎಲ್ ಸಾಕು. ಉಳಿದದ್ದು ಯಾರಿಗೆ? ಕೊಟ್ಟಿಗೆಗೆ. ಆ ತೂತು ಮುಚ್ಚಿ ಒಂದು ಬಾಟಲಿಗೆ 3 ಎಂಎಲ್ ಅಂತ ಮಿತಿ ಹಾಕಿದ್ದು 2015ರಲ್ಲಿ. ತಯಾರಕರು ಕೋರ್ಟಿಗೆ ಹೋದರು, 2017ರಲ್ಲಿ ಮದ್ರಾಸ್ ಹೈಕೋರ್ಟ್ ಮಿತಿಯನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಅಸೆಕ್ಲೋಫೆನಾಕ್ ಬಂದಿತ್ತು. ಹೆಸರು ಬೇರೆ, ಹಸುವಿನ ಮೈ ಸೇರಿದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೊಪ್ರೊಫೆನ್ ಅನ್ನೂ ಜಾನುವಾರಿಗೆ ನಿಷೇಧಿಸಿದ್ದು 2023ರಲ್ಲಿ.

ನಮ್ಮ ಕರ್ನಾಟಕದಲ್ಲಿ ಈಗ ರಣಹದ್ದು ನೋಡಬೇಕೆಂದರೆ ಎರಡು ಕಡೆ ಹೋಗಬಹುದು. ಒಂದು ಬಂಡೀಪುರ, ನಾಗರಹೊಳೆ ಕಡೆ. ಕರ್ನಾಟಕ, ತಮಿಳುನಾಡು, ಕೇರಳ ಸೇರಿ 2023ರಲ್ಲಿ ಎಣಿಸಿದಾಗ ಆ ಕಾಡುಗಳಲ್ಲಿ ಮುನ್ನೂರರ ಆಸುಪಾಸು ಸಿಕ್ಕಿದವು. ಅಲ್ಲಿ ಉಳಿಯಲು ಕಾರಣ ಸರಳ. ಹುಲಿ ತಿಂದು ಬಿಟ್ಟ ಕಾಡೆಮ್ಮೆಗೆ ಯಾರೂ ಇಂಜೆಕ್ಷನ್ ಕೊಟ್ಟಿರುವುದಿಲ್ಲ.

ಇನ್ನೊಂದು ರಾಮನಗರ. ‘ಶೋಲೆ’ ಸಿನಿಮಾ ತೆಗೆದ ಬಂಡೆಗಳು ಅಂದರೆ ಎಲ್ಲರಿಗೂ ಗೊತ್ತು. ಗಬ್ಬರ್ ಸಿಂಗ್‌ನ ಹೆಸರಲ್ಲಿ ಪ್ರವಾಸಿಗರು ಬರುತ್ತಾರೆ, ತಲೆಯೆತ್ತಿ ನೋಡುವವರು ಕಡಿಮೆ. ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಅಂಚಿನಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಈಗ ಉಳಿದಿರುವುದು ಬೆರಳೆಣಿಕೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಒಳ್ಳೆಯದೇ. ಆದರೆ ಹದ್ದು ಊಟ ಮಾಡುವುದು ಧಾಮದೊಳಗೆ ಅಲ್ಲ. ಹತ್ತಾರು ಕಿಲೋಮೀಟರ್ ಹಾರಿ ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ಎಲ್ಲೋ ದನ ಸತ್ತಿದ್ದರೆ ಅಲ್ಲಿ ಇಳಿಯಬೇಕು. ಬೇಲಿ ಹಾಕಿದ್ದು ಬೆಟ್ಟಕ್ಕೆ. ಆ ಹಸುವಿಗೆ ಸಾಯುವ ಮುನ್ನಾದಿನ ಯಾವ ಬಾಟಲಿಯಿಂದ ಇಂಜೆಕ್ಷನ್ ಬಿತ್ತು ಅನ್ನೋದು ಊರಿನ ಔಷಧ ಅಂಗಡಿಯ ಕೌಂಟರ್‌ನಲ್ಲಿ ತೀರ್ಮಾನ ಆಗಿರುತ್ತದೆ. ಮೆಲೋಕ್ಸಿಕ್ಯಾಮ್ ಇರುವುದೂ ಅದೇ ಅಂಗಡಿಯ ಕಪಾಟಿನಲ್ಲಿ. ನೀವು ಹಸು ಕಟ್ಟಿದವರಾದರೆ ಡಾಕ್ಟರು ಬಂದಾಗ ಬಾಟಲಿಯ ಮೇಲಿನ ಹೆಸರು ಒಮ್ಮೆ ಓದಿ ನೋಡಿ.